ಪ್ರಮಾಣಪತ್ರ ಬಂತು, ಮುಂದೇನು?

ಹೊರದೇಶದಲ್ಲಿ ಹುಟ್ಟಿ, ಮದುವೆಯಾಗಿ ನಮ್ಮ ಮನೆ ಸೇರಿದ ಸೊಸೆಯಂದಿರು, ಅಳಿಯಂದಿರು ಮುಂಬಯಿ, ಪುಣೆಗಳಲ್ಲಿ ಈಗ ಅಪರೂಪವೇನಲ್ಲ. ಏಳು ವರ್ಷ ಇಲ್ಲಿ ವಾಸವಿದ್ದು, 1955ರ ಪೌರತ್ವ ಕಾಯ್ದೆಯಂತೆ ಅರ್ಜಿ ಹಾಕಿ, ತಮ್ಮ ದೇಶದ ಪೌರತ್ವ ಬಿಟ್ಟು, ನಿಷ್ಠೆಯ ಪ್ರಮಾಣ ಮಾಡಿ ಭಾರತೀಯರಾದ ನಿಮಗೇ ಇವತ್ತಿನ ಮಾತು.

ಪ್ರಮಾಣಪತ್ರ ಬಂದ ದಿನ ಮನೆಯಲ್ಲಿ ಪಾಯಸ. ಮರುದಿನ ಆ ಕಾಗದ ಬೀರು ಸೇರುತ್ತದೆ. ತಪ್ಪುವುದು ಅಲ್ಲೇ. ಮತದಾರರ ಪಟ್ಟಿಗೆ ಹೆಸರು ತಾನಾಗಿ ಬರುವುದಿಲ್ಲ, ನಮೂನೆ 6 ನೀವೇ ತುಂಬಬೇಕು. ನನಗೆ ಗೊತ್ತಿರುವ ಒಬ್ಬ ಸೊಸೆ ಚುನಾವಣೆಯ ದಿನ ಅತ್ತೆಯವರ ಜೊತೆ ಸಾಲಿನಲ್ಲಿ ನಿಂತು, ಆಧಾರ್ ತೋರಿಸಿ, ಪಟ್ಟಿಯಲ್ಲಿ ಹೆಸರಿಲ್ಲವೆಂದು ಕಣ್ಣೀರಿಟ್ಟು ಹಿಂತಿರುಗಿದರು. ಆಧಾರ್ ಪೌರತ್ವದ ಪುರಾವೆಯಲ್ಲ.

ಹಕ್ಕೇನೋ ದೊಡ್ಡದೇ. ಓಸಿಐ ಕಾರ್ಡಿನಲ್ಲಿ ಮತವಿರಲಿಲ್ಲ. ಈಗ ಮತ ಹಾಕಬಹುದು, ಚುನಾವಣೆಗೆ ನಿಲ್ಲಬಹುದು, ರಾಷ್ಟ್ರಪತಿಯೂ ಆಗಬಹುದು! ಅಮೆರಿಕದಲ್ಲಿ ಅಧ್ಯಕ್ಷರಾಗಲು ಹುಟ್ಟಿನಿಂದಲೇ ಪೌರರಾಗಿರಬೇಕು. ನಮ್ಮ ಸಂವಿಧಾನ ಆ ಭೇದ ಮಾಡಿಲ್ಲ.

ಬೇರೊಂದು ಭೇದ ಮಾತ್ರ ಉಂಟು. ಪೌರತ್ವ ಸಿಕ್ಕ ಐದು ವರ್ಷದೊಳಗೆ ಎರಡು ವರ್ಷ ಅಥವಾ ಹೆಚ್ಚಿನ ಜೈಲುಶಿಕ್ಷೆಯಾದರೆ ಸರ್ಕಾರ ಅದನ್ನು ಹಿಂತೆಗೆದುಕೊಳ್ಳಬಹುದು. ಇಲ್ಲೇ ಹುಟ್ಟಿದವರಿಗೆ ಈ ಭಯವಿಲ್ಲ. ನನಗಂತೂ ಇದು ಸರಿ ಕಾಣದು. ಹಳೆಯ ದೇಶದ ಪೌರತ್ವವನ್ನು ಮತ್ತೆ ಪಡೆದರೂ ಇಲ್ಲಿಯದು ಹೋಯಿತು. ಇನ್ನು 51ಎ ವಿಧಿಯ 11 ಕರ್ತವ್ಯಗಳು ನಮಗೂ ನಿಮಗೂ ಒಂದೇ.

ಬೀರುವಿನಿಂದ ಕಾಗದ ತೆಗೆಯಿರಿ, ಎರಡು ನಕಲು ಮಾಡಿಸಿ, ಈ ವಾರವೇ ನಮೂನೆ 6 ಕೊಡಿ. ಸಂದೇಹವಿದ್ದರೆ 1950ಕ್ಕೆ ಫೋನ್ ಮಾಡಿ.