ಉಚ್ಚ ಗಣಿತ ಯಾರ ಸೊತ್ತು?

(ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲೂಕುಗಳ ಗಿರಣಿ ಕಾರ್ಮಿಕರ ಹಾಗೂ ಸಣ್ಣ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣ)



ಗಿರಣಿಯ ಪಾಳಿ ಮುಗಿಸಿ, ಅಂಗಡಿಯ ಕದ ಹಾಕಿ ಬಂದಿದ್ದೀರಿ. ಇಂದು ನಾವು ಕೂಲಿಯ ಮಾತಲ್ಲ, ಲೆಕ್ಕದ ಮಾತು ಆಡಬೇಕೆಂದಿದ್ದೇವೆ. "ನಮಗ್ಯಾಕಪ್ಪಾ ಈ ಲೆಕ್ಕ?" ಎಂದು ಎದ್ದು ಹೋಗಬೇಡಿರಿ. ಇದು ನಿಮ್ಮ ಮಕ್ಕಳ ಅನ್ನದ ಮಾತೂ ಹೌದು.

ಈ ನಾಲ್ಕೂ ತಾಲೂಕುಗಳಲ್ಲಿ ನಾವು ಮನೆಮನೆ ತಿರುಗಿದ್ದೇವೆ. ಲೆಕ್ಕದಲ್ಲಿ ಜಾಣನಾಗಿದ್ದ ಹುಡುಗ ಪಿಯುಸಿ ಮುಗಿದ ಮೇಲೆ ಏಕೆ ನಿಂತನೆಂದು ಕೇಳಿದರೆ ಉತ್ತರ ಒಂದೇ: ಧಾರವಾಡದಲ್ಲಿ ಖೋಲಿ ಮಾಡಿ ಇಡುವ ಶಕ್ತಿಯಿಲ್ಲ, ಟ್ಯೂಶನ್ನಿಗೆ ಹಣವಿಲ್ಲ. ಹುಡುಗಿ ನಿಂತರಂತೂ ಏಕೆಂದು ಕೇಳುವವರೂ ಇಲ್ಲ. ಇಂಜಿನಿಯರಿಂಗ್, ಕಂಪ್ಯೂಟರ್, ವಿಮೆ, ಬ್ಯಾಂಕು - ಈ ಎಲ್ಲ ಬಾಗಿಲುಗಳಿಗೂ ಗಣಿತವೇ ಅಗಳಿ. ಆ ಅಗಳಿ ತೆಗೆಯುವ ವಿದ್ಯೆ ದುಡ್ಡಿದ್ದವರ ಮನೆಯಲ್ಲಿಯೇ ಉಳಿದರೆ, ಹಮಾಲನ ಮಗ ಹಮಾಲನಾಗಿಯೇ ಉಳಿಯುತ್ತಾನೆ.

ಗಣಿತ ನಮ್ಮ ಮಣ್ಣಿಗೆ ಹೊಸದಲ್ಲ. ಶಿಗ್ಗಾಂವಿ ತಾಲೂಕಿನ ಬಂಕಾಪುರಕ್ಕೆ ಹೆಸರು ಬಂದದ್ದು ಅಮೋಘವರ್ಷ ನೃಪತುಂಗನ ಸೇನಾನಿ ಬಂಕೇಯನಿಂದ. ಅದೇ ನೃಪತುಂಗನ ಕಾಲದಲ್ಲಿ, 9ನೆಯ ಶತಮಾನದಲ್ಲಿ, ಮಹಾವೀರಾಚಾರ್ಯನು ಸಂಸ್ಕೃತದಲ್ಲಿ 'ಗಣಿತಸಾರಸಂಗ್ರಹ' ಬರೆದನು. 12ನೆಯ ಶತಮಾನದಲ್ಲಿ ರಾಜಾದಿತ್ಯನು 'ವ್ಯವಹಾರಗಣಿತ'ವನ್ನು ಕನ್ನಡದಲ್ಲಿಯೇ ಬರೆದನು. ಪಂಡಿತರ ವಿದ್ಯೆಯನ್ನು ಜನರ ಮಾತಿಗೆ ಇಳಿಸುವ ಕೆಲಸ ಇಲ್ಲಿ ಎಂದೋ ಆರಂಭವಾಗಿತ್ತು.

ಈಗ ಮುಖ್ಯ ವಿಷಯಕ್ಕೆ ಬರೋಣ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಹಾಗೂ 7 ಐಐಟಿಗಳು ಕೂಡಿ 2003ರಲ್ಲಿ ಎನ್‌ಪಿಟಿಇಎಲ್ ಎಂಬ ಯೋಜನೆಯನ್ನು ಆರಂಭಿಸಿದವು. ಅಲ್ಲಿಯ ಪ್ರಾಧ್ಯಾಪಕರು ಮಾಡಿದ ಪಾಠಗಳನ್ನು ಚಿತ್ರೀಕರಿಸಿ ಇಂಟರ್ನೆಟ್ಟಿನಲ್ಲಿ ಇಟ್ಟಿದ್ದಾರೆ. ಗಣಿತದ ಪಾಠಗಳೂ ಅದರಲ್ಲಿವೆ. ಯಾರು ಬೇಕಾದರೂ ನೋಡಬಹುದು, ಕಾಸು ಕೊಡಬೇಕಿಲ್ಲ. ಇದರ ವೆಚ್ಚ ಕೇಂದ್ರ ಸರಕಾರದ್ದು. ಸರಕಾರದ ಹಣವೆಂದರೆ ಯಾರ ಹಣ? ಬೆಂಕಿಪೆಟ್ಟಿಗೆ ಕೊಳ್ಳುವ ಕೂಲಿಯೂ ತೆರಿಗೆ ಕಟ್ಟಿಯೇ ಕೊಳ್ಳುತ್ತಾನೆ. ಆದ್ದರಿಂದ ಇದು ದಾನವಲ್ಲ, ನಿಮ್ಮ ಸೊತ್ತು.

ಹೊರದೇಶದಲ್ಲಿಯೂ ಇಂಥ ಕೆಲಸ ನಡೆದಿದೆ. ಅಮೇರಿಕೆಯ ಎಂಐಟಿ ಎಂಬ ದೊಡ್ಡ ವಿದ್ಯಾಸಂಸ್ಥೆ ತನ್ನ ಪಾಠಗಳನ್ನು ಜಗತ್ತಿಗೆ ಬಿಟ್ಟುಕೊಡುವುದಾಗಿ 2001ರಲ್ಲಿ ಸಾರಿತು. ಅದರ ಹೆಸರು ಓಪನ್‌ಕೋರ್ಸ್‌ವೇರ್. ಅಲ್ಲಿ 60ಕ್ಕೂ ಹೆಚ್ಚು ವರ್ಷ ಕಲಿಸಿ 2023ರಲ್ಲಿ ಕೊನೆಯ ಪಾಠ ಹೇಳಿದ ಗಿಲ್ಬರ್ಟ್ ಸ್ಟ್ರ್ಯಾಂಗ್ ಎಂಬ ಮಾಸ್ತರರ 'ಲೀನಿಯರ್ ಆಲ್ಜೀಬ್ರಾ' ಪಾಠಗಳು ಲೋಕಪ್ರಸಿದ್ಧ. ಪಾಠದೊಡನೆ ಅಭ್ಯಾಸದ ಲೆಕ್ಕಗಳು, ಪರೀಕ್ಷೆಯ ಪ್ರಶ್ನೆಗಳು, ಉತ್ತರಗಳು ಕೂಡ ಇವೆ. ಪ್ರತಿ ಮಾಡಿ ಹಂಚಬಹುದು, ಮಾರಬಾರದು.

ಆ ವಿದ್ಯೆ ನಮಗೆ ನಿಲುಕದ್ದೆಂದು ತಿಳಿಯಬೇಡಿರಿ. ಅಡತಿ ಅಂಗಡಿಯ ಲೆಕ್ಕ ನೋಡಿರಿ. 2 ಚೀಲ ಭತ್ತ, 3 ಚೀಲ ಗೋವಿನಜೋಳ ಕೂಡಿ 12,000 ರೂಪಾಯಿ; 4 ಚೀಲ ಭತ್ತ, 1 ಚೀಲ ಗೋವಿನಜೋಳ ಕೂಡಿ 14,000 ರೂಪಾಯಿ ಎಂದಿಟ್ಟುಕೊಳ್ಳಿರಿ. ಒಂದೊಂದು ಚೀಲಕ್ಕೆ ಎಷ್ಟು? ಮೊದಲಿನದನ್ನು ಇಮ್ಮಡಿ ಮಾಡಿರಿ: 4 ಚೀಲ ಭತ್ತ, 6 ಚೀಲ ಜೋಳ, 24,000. ಅದರಲ್ಲಿ ಎರಡನೆಯದನ್ನು ಕಳೆಯಿರಿ: 5 ಚೀಲ ಜೋಳಕ್ಕೆ 10,000. ಹಾಗಾದರೆ ಜೋಳ 2,000, ಭತ್ತ 3,000. ಸ್ಟ್ರ್ಯಾಂಗ್ ಮಾಸ್ತರರ ಮೊದಲನೆಯ ಪಾಠ ಆರಂಭವಾಗುವುದೂ ಇಂಥ ಎರಡು ಸಮೀಕರಣಗಳಿಂದಲೇ. ಅವರು ಎರಡನ್ನೂ ಎರಡು ಗೆರೆಗಳಾಗಿ ಎಳೆದು, ಅವು ಕೂಡುವ ಬಿಂದುವೇ ಉತ್ತರವೆಂದು ತೋರಿಸುತ್ತಾರೆ. ಮುಂದೆ ಅಜ್ಞಾತಗಳು 2ರ ಬದಲು 200 ಆದರೂ ದಾರಿ ಅದೇ.

ಇನ್ನು ಹುಡುಕುವ ಬಗೆ. ಯೂಟ್ಯೂಬಿನಲ್ಲಿ ಸಂಸ್ಥೆಯ ಹೆಸರು, ಮುಂದೆ ವಿಷಯದ ಹೆಸರು ಬರೆಯಿರಿ. ಮೊದಲು ಕ್ಯಾಲ್ಕುಲಸ್, ಅದರ ಜೊತೆಗೆ ಇಲ್ಲವೆ ಬಳಿಕ ಲೀನಿಯರ್ ಆಲ್ಜೀಬ್ರಾ, ಆಮೇಲೆ ರಿಯಲ್ ಅನಾಲಿಸಿಸ್. ಈ ಕ್ರಮ ಬಿಟ್ಟು ಜಿಗಿದರೆ ಹುಡುಗರು ಬೆದರುತ್ತಾರೆ. ಇವೇ ಪಾಠಗಳನ್ನು ಕೊಡುತ್ತೇವೆಂದು ಯಾರಾದರೂ ಹಣ ಕೇಳಿದರೆ ಕೊಡಬೇಡಿರಿ. ಎನ್‌ಪಿಟಿಇಎಲ್‌ನಲ್ಲಿ ಪ್ರಮಾಣಪತ್ರದ ಪರೀಕ್ಷೆಗೆ ಮಾತ್ರ ಶುಲ್ಕವುಂಟು, ಕಲಿಯುವುದಕ್ಕಿಲ್ಲ. ಇಂಟರ್ನೆಟ್ ಇಲ್ಲದ ಮನೆಗೆ 2017ರಲ್ಲಿ ಆರಂಭವಾದ ಸ್ವಯಂಪ್ರಭಾ ಟಿವಿ ವಾಹಿನಿಗಳಿವೆ. ಡಿಶ್ ಇದ್ದರೆ ಸಾಕು.

ಇಂಗ್ಲಿಷಿನ ತೊಡಕು ದೊಡ್ಡದು, ಅದನ್ನು ನಾವು ಅಲ್ಲಗಳೆಯುವುದಿಲ್ಲ. ಎನ್‌ಪಿಟಿಇಎಲ್‌ನ ಕೆಲವು ಪಾಠಗಳ ಬರಹವನ್ನು ಕನ್ನಡಕ್ಕೆ ತಂದಿದ್ದಾರೆ. ಅದು ಸಾಲದು, ಎಲ್ಲವೂ ಬರಬೇಕೆಂದು ಕೇಳೋಣ. ಅಲ್ಲಿಯವರೆಗೆ ಹಲಗೆಯ ಮೇಲಿನ ಬರಹವೇ ಅರ್ಧ ಭಾಷೆ. ಒಂದು ಪಾಠದಲ್ಲಿ ಬರುವ ಹೊಸ ಶಬ್ದಗಳನ್ನು ಬರೆದುಕೊಂಡು ನಾಲ್ಕು ಜನ ಕೂಡಿ ಅರ್ಥ ಮಾಡಿದರೆ, ಹತ್ತನೆಯ ಪಾಠಕ್ಕೆ ಕಿವಿ ತೆರೆಯುತ್ತದೆ.

ಇನ್ನೊಂದು ಮಾತು. ನೋಡಿದರೆ ಕಲಿತಂತಲ್ಲ. ಕುಸ್ತಿ ನೋಡಿದವನೆಲ್ಲ ಪೈಲವಾನನಾಗುವುದಿಲ್ಲ. ಹತ್ತು ನಿಮಿಷ ನೋಡಬೇಕು, ನಿಲ್ಲಿಸಬೇಕು, ಹಾಳೆಯ ಮೇಲೆ ತಾನೇ ಮಾಡಬೇಕು. ಒಂದು ತಾಸಿನ ಪಾಠಕ್ಕೆ ಮೂರು ತಾಸು ಹಿಡಿದರೂ ಚಿಂತೆಯಿಲ್ಲ.

ಮತ್ತು ಸರಕಾರಕ್ಕೂ ಒಂದು ಮಾತು. ಪಾಠ ಪುಕ್ಕಟೆ ಸಿಗುತ್ತದೆಂಬ ನೆವದಿಂದ ನಮ್ಮ ಕಾಲೇಜುಗಳಿಗೆ ಮಾಸ್ತರರನ್ನು ಕೊಡದೆ ಇರಬಾರದು. ಪರದೆಯ ಮಾಸ್ತರ ಪಾಠ ಹೇಳಬಲ್ಲ. ಹುಡುಗ ಎಲ್ಲಿ ಎಡವಿದನೆಂದು ನೋಡಲಾರ. ಪರದೆಯೂ ಬೇಕು, ಮಾಸ್ತರನೂ ಬೇಕು.

ಹಾಗಾದರೆ ಇಂದೇ ಮಾಡತಕ್ಕದ್ದೇನು? ನಾಲ್ಕೂ ಊರುಗಳಲ್ಲಿ ಒಂದೊಂದು ಜಾಗ ಗೊತ್ತು ಮಾಡೋಣ. ಸಂಘದ ಕೋಣೆಯಾಗಲಿ, ರವಿವಾರ ಮುಚ್ಚಿದ ಅಂಗಡಿಯಾಗಲಿ ಸಾಕು. ವ್ಯಾಪಾರಿಗಳು ಒಂದು ಟಿವಿ, ಇಂಟರ್ನೆಟ್ ಕೊಡಲಿ. ಕಾರ್ಮಿಕರು ಮಕ್ಕಳನ್ನು, ಅದರಲ್ಲೂ ಹೆಣ್ಣುಮಕ್ಕಳನ್ನು, ತಪ್ಪದೆ ಕಳಿಸಲಿ. ಬಿ.ಎಸ್‌ಸಿ. ಓದಿದ ಒಬ್ಬರು ಪಕ್ಕದಲ್ಲಿ ಕುಳಿತು ತಿದ್ದಲಿ. ಪಾಠ ತಯಾರಿದೆ, ಹಣವನ್ನು ನೀವು ಆಗಲೇ ಕಟ್ಟಿದ್ದೀರಿ. ಹೋಗಿ ನಿಮ್ಮ ಸೊತ್ತನ್ನು ತೆಗೆದುಕೊಳ್ಳುವುದಷ್ಟೇ ಉಳಿದಿದೆ.

ಮುಂದಿನ ರವಿವಾರದ ಜಾಗಕ್ಕೆ ಹೆಸರು ಕೊಡುವವರು ಈಗಲೇ ಕೈ ಎತ್ತಿರಿ.