ಮೋಟರಿನ ಕೆಳಗಿನ ರಬ್ಬರು

(ಸಂಘದ ಕೆಲಸಗಾರರ ಕೂಟದಲ್ಲಿ ಆಡಿದ ಮಾತುಗಳು)

ನನಗೆ ಭಾಷಣ ಮಾಡಿ ಅಭ್ಯಾಸ ಇಲ್ಲ, ಅದಕ್ಕೇ ಎರಡು ರಬ್ಬರ್ ತುಂಡು ತಂದಿದ್ದೀನಿ. ಮುಂದಿನ ಸಾಲಿನಿಂದ ಹಿಂದಕ್ಕೆ ದಾಟಿಸಿ. ಉಗುರಿನಿಂದ ಒತ್ತಿ ನೋಡಿ. ಒಂದರಲ್ಲಿ ಗುರುತು ಬಿದ್ದು ಮಾಯವಾಗುತ್ತೆ, ಇನ್ನೊಂದರಲ್ಲಿ ಉಗುರೇ ನೋಯುತ್ತೆ. ಎರಡೂ ಒಂದೇ ಜಾತಿಯ ಪ್ಯಾಡ್. ಒಂದು ಸ್ಟೋರಿನಿಂದ ತಂದ ಹೊಸದು. ಇನ್ನೊಂದು ಇಲ್ಲಿನ ತಾರಸಿಯ ಮೇಲೆ, ಪಂಪಿನ ಕೆಳಗೆ ಕೆಲವು ಬೇಸಿಗೆ ಕಳೆದದ್ದು.

ಆ ಪಂಪಿನ ಕಥೆ ಮೊದಲು ಹೇಳಿಬಿಡ್ತೀನಿ. ಹಿಂದೆ ನಾನಿದ್ದ ಒಂದು ಸೈಟಿನಲ್ಲಿ ಅದರ ಮೋಟರಿನ ಟರ್ಮಿನಲ್ ಬಾಕ್ಸಿನಲ್ಲಿ ಒಂದು ಫೇಸಿನ ಲಗ್ ಸಡಿಲವಾಗಿ ಕಪ್ಪಾಯ್ತು. ಹೊಸ ಲಗ್ ಒತ್ತಿ, ಬಿಗಿ ಮಾಡಿ ಬಂದ್ವಿ. ಮೂರು ವಾರಕ್ಕೆ ಮತ್ತೆ ಅದೇ. ಮೂರನೇ ಸಲ ಕಿಡಿ ಹಾರಿ ಕೇಬಲ್ಲಿನ ಇನ್ಸುಲೇಶನ್ ಸುಟ್ಟಿತು. ಪುಣ್ಯಕ್ಕೆ ಯಾರ ಕೈಯೂ ಅಲ್ಲಿರಲಿಲ್ಲ. ಮೇಲಿನವರು ‘ಸರಿಯಾಗಿ ಬಿಗಿ ಮಾಡಿಲ್ಲ’ ಅಂತ ಬರೆದರು. ಹೆಲ್ಪರ್ ಹುಡುಗನ ಎರಡು ದಿನದ ಸಂಬಳ ಹೋಯ್ತು. ಬಿಗಿ ಮಾಡಿದ್ದು ನಾನು, ಅವನು ಟಾರ್ಚ್ ಹಿಡಿದು ನಿಂತಿದ್ದ ಅಷ್ಟೇ. ನಾನು ಬಾಯಿ ಬಿಡಲಿಲ್ಲ. ಇವತ್ತು ಇಲ್ಲಿ ನಿಂತು ಮಾತಾಡೋದಕ್ಕೆ ಅದೂ ಒಂದು ಕಾರಣ.

ಕೊನೆಗೆ ಮೆಕ್ಯಾನಿಕಲ್ ಕಡೆಯ ಹಿರಿಯರೊಬ್ಬರು ಮಂಡಿಯೂರಿ ಪ್ಯಾಡನ್ನು ಸ್ಕ್ರೂಡ್ರೈವರಿನಿಂದ ಕೆರೆದು, ‘ಇದು ರಬ್ಬರೋ ಕಲ್ಲೋ’ ಅಂದರು. ನಾಲ್ಕೂ ಪ್ಯಾಡ್ ಬದಲಾಯಿಸಿದ ಮೇಲೆ ಆ ಲಗ್ ಮತ್ತೆ ಸಡಿಲ ಆಗಲಿಲ್ಲ.

ಆಮೇಲೆ ನಾನು ಇದನ್ನು ಹುಡುಕಿ ಹುಡುಕಿ ಓದಿದೆ. ಎಲೆಕ್ಟ್ರಿಷಿಯನ್‌ಗೆ ಇದು ಬಲು ಸುಲಭ ಕಣ್ರೀ. ಐಟಿಐನಲ್ಲಿ ಕಾಯಿಲ್, ಕೆಪಾಸಿಟರ್, ರೆಸಿಸ್ಟೆನ್ಸ್ ಸರ್ಕ್ಯೂಟ್ ಕಲಿತಿದ್ದೀವಲ್ಲ? ಇಲ್ಲಿ ಮೋಟರಿನ ತೂಕವೇ ಕಾಯಿಲ್, ಸ್ಪ್ರಿಂಗೇ ಕೆಪಾಸಿಟರ್. ಅವೆರಡೂ ಶಕ್ತಿಯನ್ನು ಒಂದಕ್ಕೊಂದು ಕೊಟ್ಟು ತಗೊಂಡು ಆಡ್ತಾನೇ ಇರ್ತವೆ. ಆಟ ನಿಲ್ಲಿಸೋಕೆ ರೆಸಿಸ್ಟೆನ್ಸ್ ಬೇಕು, ಶಕ್ತಿಯನ್ನು ಬಿಸಿ ಮಾಡಿ ಕಳೀಬೇಕು. ಅದೇ ಡ್ಯಾಂಪಿಂಗ್. ರಬ್ಬರಿನಲ್ಲಿ ಸ್ಪ್ರಿಂಗೂ ಇದೆ, ರೆಸಿಸ್ಟೆನ್ಸೂ ಇದೆ.

ಸ್ಪ್ರಿಂಗಿನ ಕೆಲಸಕ್ಕೆ ಒಂದು ಲೆಕ್ಕ. ಮೋಟರಿನ ವೇಗ ಪ್ಯಾಡಿನ ಸಹಜ ಕಂಪನದ ಸುಮಾರು 1.4 ಪಟ್ಟಿಗಿಂತ ಮೇಲಿದ್ದರೆ ಮಾತ್ರ ಪ್ಯಾಡ್ ಅದುರನ್ನು ತಡೆಯುತ್ತೆ. 50 ಹರ್ಟ್ಸಿನ ನಾಲ್ಕು ಪೋಲ್ ಮೋಟರ್ ನಿಮಿಷಕ್ಕೆ 1450ರ ಹತ್ತಿರ ಸುತ್ತುತ್ತೆ, ಅಂದರೆ ಸೆಕೆಂಡಿಗೆ 24 ಸುತ್ತು. ಬಿಸಿಲು, ಓಝೋನ್ ತಿಂದು ಪ್ಯಾಡ್ ಗಟ್ಟಿಯಾದಷ್ಟೂ ಅದರ ಸಹಜ ಕಂಪನ ಏರಿ 24ರ ಹತ್ತಿರ ಬರುತ್ತೆ. ಆಗ ತಡೆಯೋದಿರಲಿ, ಅದುರನ್ನು ಹೆಚ್ಚಿಸುತ್ತೆ. ಹಾಗಂತ ಡ್ಯಾಂಪಿಂಗ್ ಎಷ್ಟಿದ್ದರೂ ಒಳ್ಳೇದೇ ಅನ್ನೋ ಹಾಗೂ ಇಲ್ಲ. ಮೋಟರ್ ಸ್ಟಾರ್ಟ್ ಆಗಿ ಆ ವೇಗ ದಾಟುವಾಗ ಅದು ಕಾಪಾಡುತ್ತೆ, ಪೂರ್ತಿ ವೇಗದಲ್ಲಿ ಅತಿಯಾದರೆ ಅದುರನ್ನು ನೆಲಕ್ಕೇ ದಾಟಿಸುತ್ತೆ.

ಇನ್ನು ರೆಸಿಸ್ಟೆನ್ಸಿನ ವಿಷಯ. ಕೇಬಲ್ಲಿಗೆ, ಬುಶಿಂಗಿಗೆ ಟ್ಯಾನ್ ಡೆಲ್ಟಾ ಟೆಸ್ಟ್ ಮಾಡೋದನ್ನು ನೋಡಿದ್ದೀರಿ. ಅಲ್ಲಿ ಅಂಕಿ ಕಮ್ಮಿ ಇರಬೇಕು. ರಬ್ಬರಿಗೂ ಅದೇ ಹೆಸರಿನ ಅಳತೆ ಇದೆ, ಡ್ಯಾಂಪಿಂಗಿಗೆ ಅದು ಜಾಸ್ತಿ ಇರಬೇಕು, 0.3ರ ಮೇಲೆ. ಓದಿದಾಗ ನಗು ಬಂತು, ನಮಗೆ ಶನಿಯಾದದ್ದು ಅವರಿಗೆ ಗುರು!

ತೊಂದರೆ ಏನಂದರೆ ಪ್ರತಿ ಪಾಲಿಮರಿಗೂ ಒಂದು ಹದದ ಬಿಸಿ ಇದೆ. ಅದಕ್ಕಿಂತ ತಣ್ಣಗಿದ್ದರೆ ಗಾಜಿನ ಹಾಗೆ ಗಟ್ಟಿ, ಬಿಸಿಯಾದರೆ ಬರೀ ಸ್ಪ್ರಿಂಗ್. ನಡುವಿನ 20-30 ಡಿಗ್ರಿಯಲ್ಲಿ ಮಾತ್ರ ಅದುರನ್ನು ಚೆನ್ನಾಗಿ ನುಂಗುತ್ತೆ. ಇಲ್ಲಿ ಜನವರಿ ರಾತ್ರಿಗೂ ಜುಲೈ ಮಧ್ಯಾಹ್ನದ ತಗಡಿಗೂ ಇರೋ ಅಂತರ ಎಷ್ಟು? ತಗಡು ಮುಟ್ಟಿ ಬೊಬ್ಬೆ ಎದ್ದವರನ್ನೇ ಕೇಳಿ.

ಇದಕ್ಕೆ ಕೆಮಿಸ್ಟರು ಕಂಡುಕೊಂಡ ದಾರಿಯ ಹೆಸರು ಇಂಟರ್‌ಪೆನಿಟ್ರೇಟಿಂಗ್ ಪಾಲಿಮರ್ ನೆಟ್‌ವರ್ಕ್. ಹೆಸರು ಉದ್ದ, ವಿಷಯ ಸರಳ. ಒಂದು ಪಾಲಿಮರ್ ಬಲೆ ಕಟ್ಟಿ, ಅದನ್ನು ಇನ್ನೊಂದರ ದ್ರವದಲ್ಲಿ ನೆನೆಸಿ ಉಬ್ಬಿಸಿ, ಒಳಗೇ ಎರಡನೇ ಬಲೆ ಹೆಣೆಯೋದು. ಎರಡು ಮೀನು ಬಲೆ ಸಿಕ್ಕಿಕೊಂಡ ಹಾಗೆ: ಗಂಟು ಹಾಕಿಲ್ಲ, ಆದರೂ ಹರಿಯದೆ ಬಿಡಿಸೋಕೆ ಆಗಲ್ಲ. ಒಂದು ಬಲೆಯ ಹದ ಸೊನ್ನೆಗಿಂತ ಕೆಳಗೆ, ಇನ್ನೊಂದರದು 100 ಡಿಗ್ರಿ ಹತ್ತಿರ ಇರಬಹುದು. ಪೂರ್ತಿ ಬೆರೆತರೆ ಮತ್ತೆ ಒಂದೇ ಹದ. ಬೇರೆ ಬೇರೆಯೇ ಉಳಿದರೆ ನಡುವೆ ಹಳ್ಳ. ಬಿಸಿಬೇಳೆ ಬಾತಿನಲ್ಲಿ ಅನ್ನ ಬೇಳೆ ಇರೋ ಹಾಗೆ ಅರೆಬರೆ ಬೆರೆತರೆ ಹದ ಹರಡಿಕೊಂಡು, ಒಳ್ಳೆಯ ಜೋಡಿಯಾದರೆ 60, 80, ಕೆಲವೊಮ್ಮೆ 100 ಡಿಗ್ರಿ ಉದ್ದಕ್ಕೂ ಕೆಲಸ ಮಾಡುತ್ತೆ. ಇದರ ಬೇರು ಹಳೇದು. 1914ರಲ್ಲಿ ಎಡಿಸನ್ ಜೊತೆಗಿದ್ದ ಕೆಮಿಸ್ಟ್ ಜೋನಾಸ್ ಐಲ್ಸ್‌ವರ್ತ್, ಪಟಕ್ಕನೆ ಒಡೆಯೋ ಫೀನಾಲ್ ರೆಸಿನ್ನಿಗೆ ರಬ್ಬರ್ ಸೇರಿಸಿ ಗಟ್ಟಿ ಮಾಡಿದ. ಹೆಸರು ಬಂದದ್ದು 1960ರಲ್ಲಿ, ಮಿಲ್ಲರ್ ಅನ್ನುವವರಿಂದ.

ನಮ್ಮ ಸ್ಟೋರಿನಲ್ಲಿ ಇದು ಸಿಗಲ್ಲ. ಅಲ್ಲಿರೋದು ನಿಯೋಪ್ರೀನೇ. ಬಿಸಿಲಿಗೆ ಹಳತಾಗೋದನ್ನು ಈ ಬಲೆಯೂ ನಿಲ್ಲಿಸಲ್ಲ. ಆದರೆ ಇದನ್ನು ಓದಿದ್ದರಿಂದ ಒಂದು ಅರ್ಥ ಆಯ್ತು: ರಬ್ಬರಿಗೂ ರೇಟಿಂಗ್ ಇದೆ, ಫ್ಯೂಸಿಗೆ ಇರೋ ಹಾಗೆ. ಡೇಟಾಶೀಟಿನಲ್ಲಿ ತೂಕ ಮಾತ್ರ ಅಲ್ಲ, ಎಷ್ಟು ಡಿಗ್ರಿವರೆಗೆ ಅನ್ನೋದನ್ನೂ ನೋಡಿ.

ಅದಕ್ಕೇ ಕೇಳ್ಕೋತೀನಿ, ಒಂದೇ ಟರ್ಮಿನಲ್ ಎರಡನೇ ಸಲ ಸಡಿಲವಾದರೆ ಐಸೊಲೇಟರ್ ಆಫ್ ಮಾಡಿ, ಲಾಕ್ ಹಾಕಿ, ಕೆಳಗೆ ಬಗ್ಗಿ ಪ್ಯಾಡಿಗೆ ಉಗುರು ಒತ್ತಿ. ಬಿರುಕು, ಗಟ್ಟಿತನ ಏನಿದ್ದರೂ ಫೋಟೋ ತೆಗೀರಿ. ರಿಪೋರ್ಟಿನಲ್ಲಿ ‘ಲಗ್ ಸಡಿಲ’ ಅಂತ ಮಾತ್ರ ಬರೀಬೇಡಿ, ಪ್ಯಾಡ್ ಹೇಗಿತ್ತು ಅಂತಲೂ ಬರೀರಿ, ಕೆಳಗೆ ನಿಮ್ಮ ಹೆಸರು ಹಾಕಿ. ಟಾರ್ಚ್ ಹಿಡಿದವನ ಹೆಸರು ಬೇಡ.

ಆ ಎರಡು ದಿನದ ಸಂಬಳ ವಾಪಸ್ ಬರಲಿಲ್ಲ. ಹುಡುಗ ಈಗ ಊರಲ್ಲಿದ್ದಾನೆ, ಫೋನ್ ಮಾಡ್ತಿರ್ತಾನೆ, ಆ ವಿಷಯ ಎತ್ತಲ್ಲ. ನಾನೂ ಎತ್ತಿರಲಿಲ್ಲ, ಹೋದ ತಿಂಗಳು ಎತ್ತಿದೆ.

ಪ್ಯಾಡ್ ಎಲ್ಲಿಗೆ ಬಂತು? ಕೊನೇ ಸಾಲಿನವರು ಹೊಸದನ್ನು ವಾಪಸ್ ಕೊಡಿ ಅಣ್ಣ, ನಾಳೆ ಸ್ಟೋರಿಗೆ ಲೆಕ್ಕ ಒಪ್ಪಿಸಬೇಕು.