ಪಟ್ಟಿಯಲ್ಲಿ ಕನ್ನಡ ಇರಲಿಲ್ಲ



‘ಚಾಟ್‌ಜಿಪಿಟಿಗೆ ಕನ್ನಡ ಬರುತ್ತಾ?’ ಎಂದು ಕೋಪರಿಯಲ್ಲಿ ಸಿಕ್ಕಾಗಲೆಲ್ಲ ಕೇಳುತ್ತೀರಿ. ಬರುತ್ತದೆ, ಆದರೆ ಇಂಗ್ಲಿಷಿಗಿಂತ ದುಬಾರಿ. ನಾವು ಬರೆದದ್ದನ್ನು ಅದು ಟೋಕನ್ ಎಂಬ ಚೂರುಗಳಾಗಿ ಕತ್ತರಿಸಿ ಓದುತ್ತದೆ. ಸಾಫ್ಟ್‌ವೇರ್ ಮಾಡುವ ನಾವು ಹಣ ಕಟ್ಟುವುದೂ ಚೂರಿನ ಲೆಕ್ಕದಲ್ಲೇ. ಯಂತ್ರ ಯಾವ ಭಾಷೆಯನ್ನು ಕಡಿಮೆ ಓದಿದೆಯೋ ಅದಕ್ಕೆ ಚೂರು ಹೆಚ್ಚು.

2024ರ ಮೇ ತಿಂಗಳಲ್ಲಿ ಜಿಪಿಟಿ-4ಒ ಬಂದಾಗ, ಚೂರು ಎಷ್ಟು ಕಡಿಮೆಯಾಯಿತೆಂದು ಓಪನ್‌ಎಐ 20 ಭಾಷೆಗಳ ಪಟ್ಟಿ ಕೊಟ್ಟಿತು. ಗುಜರಾತಿಗೆ 4.4 ಪಟ್ಟು, ಮರಾಠಿಗೆ 2.9 ಪಟ್ಟು ಕಡಿಮೆ. ತೆಲುಗು, ತಮಿಳೂ ಇದ್ದವು. ಕನ್ನಡ ಇರಲಿಲ್ಲ. ಲೋಕಲ್‌ನಲ್ಲಿ ನಿಂತುಕೊಂಡೇ ಎರಡು ಸಲ ಹುಡುಕಿದೆ.

ಕೇಂದ್ರ ಸರ್ಕಾರದ ‘ಭಾಷಿಣಿ’ಯಲ್ಲಿ ಭಾಷಾದಾನ ಎಂಬ ಜಾಲತಾಣವಿದೆ. ಅದರ ‘ಬೋಲೋ ಇಂಡಿಯಾ’ದಲ್ಲಿ ಕನ್ನಡ ಆರಿಸಿ, ತೋರಿಸಿದ ವಾಕ್ಯವನ್ನು ಓದಿ ದನಿ ಕೊಡಬಹುದು. ಎಂ.ಟೆಕ್. ಬೇಕಿಲ್ಲ, ಅಡುಗೆಮನೆಯಲ್ಲಿ ಕುಕ್ಕರ್ ಕೂಗದ ಐದು ನಿಮಿಷ ಸಾಕು. ಕುಂದಾಪುರ, ಹುಬ್ಬಳ್ಳಿ, ಕಲಬುರಗಿಯ ದನಿಗಳು ಒಂದೇ ಸಭೆಯಲ್ಲಿ ಸಿಗುವುದು ನಮ್ಮಂಥ ಹೊರನಾಡ ಸಂಘಗಳಲ್ಲೇ ಅಲ್ಲವೇ?

ಊಟದ ಹೊತ್ತಿಗೆ ಬಾಗಿಲ ಪಕ್ಕದ ಮೇಜಿನ ಬಳಿ ಇರುತ್ತೇನೆ. ಮೊಬೈಲ್ ತನ್ನಿ, ಮೊದಲ ವಾಕ್ಯ ಅಲ್ಲೇ ಓದೋಣ.